ಮನಸ್ಸಿಗೆ ಹಚ್ಚಿಕೊಳ್ಳುವವರೂ ಮೊಬೈಲ್ ಆ್ಯಪೂ

ಕೇಂದ್ರ ಸರಕಾರದ ಆರೋಗ್ಯ ಖಾತೆಯವರು 2022ನೆಯ ಇಸವಿಯ ಅಕ್ಟೋಬರ 10ರಂದು, ಜಾಗತಿಕ ಮಾನಸಿಕ ಆರೋಗ್ಯ ದಿನದ ನಿಮಿತ್ತವಾಗಿ, ‘ಟೆಲಿ-ಮಾನಸ್’ ಎಂಬ ದೂರವಾಣಿ ಸೇವೆಯನ್ನು ಪ್ರಾರಂಭಿಸಿದ ಸಂಗತಿಯು ನಮ್ಮ ವಾಚಕರಲ್ಲಿ ಹಲವರಿಗೆ ತಿಳಿದಿದೆ. 14416 ಎಂಬ ಐದು ಅಂಕಿಗಳನ್ನು ಒತ್ತಿದರೆ ಹಗಲಾಗಲಿ ಇರುಳಾಗಲಿ ತರಬೇತಾದ ಒಬ್ಬರು ಕನ್ನಡದಲ್ಲಿಯೇ ಮಾತಾಡಿಸುವರು. ಇದಕ್ಕೆ ಕಾಸು ಬೀಳುವದಿಲ್ಲ. ಎರಡು ವರುಷಗಳ ತರುವಾಯ, 2024ರಲ್ಲಿ, ಅದೇ ತಾರೀಖಿನಂದು ಆ ಸೇವೆಯ ಮೊಬೈಲ್ ಆ್ಯಪು ಹೊರಬಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಈ ಎಲ್ಲ ಕಾರ್ಯದ ಮುಖ್ಯ ಕೇಂದ್ರ; ಯಂತ್ರವಿದ್ಯೆಯ ನೆರವು ಅದೇ ನಗರದ ಐ.ಐ.ಐ.ಟಿ. ಸಂಸ್ಥೆಯದು. ಹೀಗೆ ಕನ್ನಡ ನಾಡಿನ ರಾಜಧಾನಿಯ ಬುದ್ಧಿಬಲದಿಂದ ಹುಟ್ಟಿದ ಈ ಆ್ಯಪಿಗೆ ಕನ್ನಡವೂ ಸೇರಿ ಹತ್ತು ಪ್ರಾಂತಭಾಷೆಗಳ ಮುಖವು ಬಂದದ್ದು ಮಾತ್ರ 2025ರ ಅಕ್ಟೋಬರದಲ್ಲಿ. ತವರಿನ ಮಗಳು ತವರಿನ ನುಡಿ ಕಲಿಯಲು ಒಂದು ವರುಷ ತೆಗೆದುಕೊಂಡಳು. ತಡವಾದರೂ ಕಲಿತಳಲ್ಲ ಎಂದು ಸಮಾಧಾನಪಟ್ಟು, ನಾವು ಇಂದು ಬೇರೊಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇವೆ. ಇಂಥ ಆ್ಯಪುಗಳನ್ನು ಕಟ್ಟುವವರು ಯಾರ ಮನಸ್ಸನ್ನು ಕಣ್ಣ ಮುಂದೆ ಇಟ್ಟುಕೊಂಡು ಕಟ್ಟುತ್ತಾರೆ?

ನಮ್ಮ ಕಡೆಯ ಮನೆಮನೆಗಳಲ್ಲಿ ಒಂದು ಮಾತುಂಟು. ‘ಅವ ಭಾಳ ಮನಸ್ಸಿಗೆ ಹಚ್ಚಿಕೊಳ್ತಾನ’ ಎನ್ನುತ್ತೇವೆ. ಮಾಸ್ತರರು ಒಂದು ಮಾತು ಬಿರುಸಾಗಿ ಆಡಿದರೆ ಮೂರು ದಿನ ಊಟ ಬಿಡುವ ಹುಡುಗ, ಮದುವೆಯ ಬ್ಯಾಂಡಿನ ಸಪ್ಪಳಕ್ಕೆ ತಲೆ ಹಿಡಿದುಕೊಂಡು ಒಳಕೋಣೆಗೆ ಹೋಗುವ ಸೊಸೆ, ಇನ್ನೊಬ್ಬರ ಮನೆಯ ಸಾವಿನ ಸುದ್ದಿಯನ್ನು ತನ್ನ ಮನೆಯದೆಂಬಂತೆ ಹೊತ್ತು ತಿರುಗುವ ಗುಮಾಸ್ತ; ಇಂಥವರನ್ನು ನೋಡದ ಓಣಿ ಯಾವದೂ ಇರಲಿಕ್ಕಿಲ್ಲ. ಹಿರಿಯರು ಇವರನ್ನು ಕನಿಕರದಿಂದ ‘ಸೂಕ್ಷ್ಮ ಪ್ರಕೃತಿಯವರು’ ಎಂದರು; ಗೆಳೆಯರು ಗೇಲಿಯಿಂದ ‘ಅಂಜುಬುರುಕರು’ ಎಂದರು. ಅಮೇರಿಕೆಯ ಎಲೇನ್ ಆ್ಯರನ್ ಎಂಬ ಮನಶ್ಶಾಸ್ತ್ರಜ್ಞೆಯು 1996ರಲ್ಲಿ ಗ್ರಂಥವೊಂದನ್ನು ಬರೆದು, ಇದು ರೋಗವಲ್ಲ, ದೌರ್ಬಲ್ಯವೂ ಅಲ್ಲ, ಹುಟ್ಟಿನಿಂದ ಬರುವ ಒಂದು ಸ್ವಭಾವವೆಂದು ಪ್ರತಿಪಾದಿಸಿದಳು. ಶಬ್ದ, ಬೆಳಕು, ಮಾತಿನ ಧಾಟಿ, ಎದುರಿನವರ ಮುಖಭಾವ, ಇವೆಲ್ಲವೂ ಇಂಥವರ ನರಮಂಡಲದೊಳಗೆ ಉಳಿದವರಲ್ಲಿಗಿಂತ ಆಳವಾಗಿ ಇಳಿಯುವವಂತೆ. ಆಕೆಯ ಅಂದಾಜಿನಲ್ಲಿ ಇವರು ನೂರರಲ್ಲಿ ಹದಿನೈದರಿಂದ ಇಪ್ಪತ್ತು ಜನ. 2018ರಲ್ಲಿ ಪ್ರಕಟವಾದ ಮತ್ತೊಂದು ಸಂಶೋಧನೆಯು ಜನರನ್ನು ಮೂರು ಗುಂಪು ಮಾಡಿ, ಅತಿಸೂಕ್ಷ್ಮರಾದವರು ಸುಮಾರು ನೂರಕ್ಕೆ ಮೂವತ್ತೊಂದು ಎಂದು ಹೇಳಿತು. ಲೆಕ್ಕ ಯಾವದೇ ಇರಲಿ, ನಾಲ್ಕೈದು ಜನರ ಒಂದು ಕುಟುಂಬದಲ್ಲಿ ಒಬ್ಬರಾದರೂ ಇಂಥವರು ಇದ್ದಾರೆಂದು ತಿಳಿದರೆ ತಪ್ಪಾಗಲಾರದು.

ಇದರಲ್ಲಿ ನಮ್ಮ ಗಮನವನ್ನು ವಿಶೇಷವಾಗಿ ಸೆಳೆದ ಅಂಶವೊಂದಿದೆ. ಲಂಡನ್ನಿನ ಬಡ ಬಡಾವಣೆಯೊಂದರ ಶಾಲೆಯಲ್ಲಿ ಹುಡುಗಿಯರಿಗೆ ಖಿನ್ನತೆಯನ್ನು ತಡೆಯುವ ಶಿಕ್ಷಣವನ್ನು ಕೊಟ್ಟು ನೋಡಿದರು. ಅದರ ಫಲಿತಾಂಶವು 2015ರಲ್ಲಿ ಹೊರಬಂತು. ಆ ಶಿಕ್ಷಣದಿಂದ ನಿಜವಾಗಿ ಲಾಭ ಪಡೆದವರು ಸೂಕ್ಷ್ಮ ಸ್ವಭಾವದ ಹುಡುಗಿಯರು; ಗಟ್ಟಿ ಸ್ವಭಾವದವರಿಗೆ ಅದು ತಾಕಲೇ ಇಲ್ಲ. ಅಂದಮೇಲೆ, ಬೇಗ ನೋಯುವವನು ಬೇಗ ಚೇತರಿಸಿಕೊಳ್ಳಲೂ ಬಲ್ಲನು. ಕೆಟ್ಟ ಗಾಳಿಗೆ ಮೊದಲು ಬಾಡುವ ಸಸಿಯೇ ಹದವಾದ ನೀರಿಗೆ ಮೊದಲು ಚಿಗುರುತ್ತದೆ. ‘ಇವರಿಗೇನು ಹೇಳಿದರೂ ಅಷ್ಟೇ’ ಎಂದು ಕೈಬಿಡುವ ನಮ್ಮ ರೂಢಿಯು ಎಂಥ ತಪ್ಪು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗಿಲ್ಲ.

ಈಗ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ನಿತ್ಯಜೀವನವನ್ನು ಇಂಥವನ ಕಿವಿಯಿಂದ ಒಮ್ಮೆ ಕೇಳೋಣ. ಬಾಗಲಕೋಟೆಯ ಹೋಳಿಯ ಖ್ಯಾತಿ ದೂರದೂರಕ್ಕೆ ಹೋಗಿದೆ. ದಿನಗಟ್ಟಲೆ ಹಲಗೆಯ ನಾದ, ಬಣ್ಣದ ಬಂಡಿಗಳು, ಓಣಿ ಓಣಿಗಳ ಪೈಪೋಟಿ. ನಾವೂ ಆ ಹಲಗೆಗೆ ಕುಣಿದವರೇ; ಅದನ್ನು ನಿಲ್ಲಿಸಿರೆಂದು ಹೇಳುವ ಅರಸಿಕತನ ನಮಗಿಲ್ಲ. ಆದರೆ ಅದೇ ಓಣಿಯ ಒಂದು ಅಟ್ಟದ ಮೇಲೆ ಕಿವಿಗೆ ಅರಳೆ ತುರುಕಿಕೊಂಡು ಕುಳಿತ ಒಂದು ಜೀವವೂ ಉಂಟು. ಬಾದಾಮಿಯ ಹತ್ತಿರ ಬನಶಂಕರಿಯ ಜಾತ್ರೆಯಲ್ಲಿ ನಾಟಕ ಕಂಪನಿಗಳ ಧ್ವನಿವರ್ಧಕಗಳು ಒಂದನ್ನೊಂದು ಮೀರಿಸುವ ಸೊಗಸನ್ನು ಬಲ್ಲವರೇ ಬಲ್ಲರು. ಇಳಕಲ್ಲಿನಲ್ಲಿ ಕುಣಿಮಗ್ಗದ ಟಕಟಕ ಸಪ್ಪಳಕ್ಕೆ ಒಂದು ಲಯವಿತ್ತು, ನೇಕಾರನ ಉಸಿರಿನೊಡನೆ ಅದು ಹೊಂದಿಕೊಳ್ಳುತ್ತಿತ್ತು. ವಿದ್ಯುತ್ ಮಗ್ಗಗಳು ಬಂದ ಓಣಿಗಳಲ್ಲಿ ಮನುಷ್ಯನ ಉಸಿರಿಗೂ ಸಪ್ಪಳಕ್ಕೂ ಸಂಬಂಧವೇ ಉಳಿದಿಲ್ಲ.

ಸಪ್ಪಳದ ಮಾತು ಹಾಗಿರಲಿ. ಮುಳುಗಡೆಯ ಮಾತು ಇನ್ನೂ ಆಳವಾದದ್ದು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ನುಂಗಿದಾಗ ಜನರು ನವನಗರಕ್ಕೆ ಬಂದರು. ಸೆಕ್ಟರ್ ಸಂಖ್ಯೆ, ಪ್ಲಾಟ್ ಸಂಖ್ಯೆಗಳು ಸಿಕ್ಕವು. ಎದುರು ಮನೆಯ ಅಜ್ಜಿ, ಓಣಿಯ ಬೇವಿನ ಕಟ್ಟೆ, ಸಂಜೆಯ ಗುಡಿಯ ಗಂಟೆ ಸಿಕ್ಕಲಿಲ್ಲ. ಗಟ್ಟಿ ಮನಸ್ಸಿನವರು ಹೊಸ ಅಂಗಡಿ ಹಾಕಿ ಏಳಿಗೆ ಹೊಂದಿದರು. ಹಚ್ಚಿಕೊಳ್ಳುವವರು ಇಂದಿಗೂ ನೀರಿನ ದಂಡೆಗೆ ಹೋಗಿ ನಿಂತು ಬರುತ್ತಾರೆ. ಅಣೆಕಟ್ಟನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಬಂದಾಗಲೆಲ್ಲ ಇನ್ನಷ್ಟು ಊರುಗಳ ನಿದ್ದೆ ಕೆಡುತ್ತದೆ. 2019ರ ಆಗಸ್ಟದಲ್ಲಿ ಮಲಪ್ರಭೆಯು ಬಾದಾಮಿ, ಹುನಗುಂದ ಭಾಗದ ಹಳ್ಳಿಗಳನ್ನು ಹೊಕ್ಕು ಪಟ್ಟದಕಲ್ಲಿನ ಗುಡಿಗಳನ್ನೂ ಸುತ್ತುವರಿದದ್ದನ್ನು ಯಾರೂ ಮರೆತಿಲ್ಲ. ಆ ದಿನಗಳಿಂದೀಚೆಗೆ ಪ್ರತಿ ಮಳೆಗಾಲದಲ್ಲಿಯೂ ‘ನೀರು ಬಿಟ್ಟರು, ಆಣೆ ಒಡೆಯಿತು’ ಎಂಬ ಸುಳ್ಳು ಸುದ್ದಿಗಳು ಮೊಬೈಲಿನಲ್ಲಿಯೇ ಹರಿದಾಡುತ್ತವೆ. ಕಚೇರಿಗಳ ಅವಸ್ಥೆ ಬೇರೆಯಲ್ಲ. ರಾತ್ರಿ ಹನ್ನೊಂದು ಗಂಟೆಗೆ ಇಲಾಖೆಯ ಗುಂಪಿನಲ್ಲಿ ‘ವಿವರಣೆ ಸಲ್ಲಿಸತಕ್ಕದ್ದು’ ಎಂಬ ಒಂದು ಸಾಲು ಬಂದು ಬಿದ್ದರೆ ಬೆಳಗಿನವರೆಗೆ ಕಣ್ಣು ಮುಚ್ಚದ ಕಾರಕೂನರನ್ನು ನಾವು ಬಲ್ಲೆವು. ಆ ಸಾಲು ಬರೆದ ಸಾಹೇಬರು ಆಗಲೇ ಗೊರಕೆ ಹೊಡೆಯುತ್ತಿರುತ್ತಾರೆ.

ನಾವು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಅಂಜಿಕೆಯನ್ನು ತಂದು ಹಾಕುವ ಪೆಟ್ಟಿಗೆ ಯಾವದೋ, ಸಮಾಧಾನ ಕೊಡುವೆನೆಂದು ಬರುವ ಆ್ಯಪು ಕೂಡ ಅದೇ ಪೆಟ್ಟಿಗೆಯೊಳಗೆ ವಾಸಿಸಬೇಕಾಗಿದೆ. ಹಾವಿರುವ ಹುತ್ತದಲ್ಲಿಯೇ ಔಷಧದ ಬೇರನ್ನೂ ಹುಡುಕಬೇಕಾದ ಈ ವಿಚಿತ್ರ ಪರಿಸ್ಥಿತಿಯನ್ನು ಆ್ಯಪು ಕಟ್ಟುವವರು ಮೊದಲು ಮನಗಾಣಬೇಕು.

ಇಳಕಲ್ಲಿನ ನಮ್ಮ ಪರಿಚಯದ ನೇಕಾರ ಮನೆತನದ ತರುಣನೊಬ್ಬನು ಪದವೀಧರ, ಸ್ಪರ್ಧಾ ಪರೀಕ್ಷೆಗಳಿಗೆ ಓದುತ್ತಿರುವವನು. ಅತಿ ನಾಜೂಕು ಮನಸ್ಸಿನ ಹುಡುಗ. ಗೆಳೆಯನ ಮಾತು ಕೇಳಿ ಮನಶ್ಶಾಂತಿಯ ಒಂದು ಆ್ಯಪನ್ನು ಮೊಬೈಲಿಗೆ ಇಳಿಸಿಕೊಂಡನು. (ಹೆಸರು ಬೇಡ, ಎಲ್ಲವೂ ಹೆಚ್ಚು ಕಡಿಮೆ ಒಂದೇ ಜಾತಿಯವು.) ಕೆಲ ದಿನಗಳ ಮೇಲೆ ನಮ್ಮ ಕಚೇರಿಗೆ ಬಂದು ಅದನ್ನು ತೆರೆದು ತೋರಿಸಿದನು. ತೆರೆದ ಕೂಡಲೆ ಒಂದು ಗಂಟೆಯ ನಾದ, ಬಣ್ಣಗಳ ಸುಳಿ, ಇಪ್ಪತ್ತಕ್ಕೂ ಮಿಕ್ಕ ಪ್ರಶ್ನೆಗಳು, ಎಲ್ಲವೂ ಇಂಗ್ಲಿಷಿನಲ್ಲಿ. ‘ನೀವು ನಿರುಪಯುಕ್ತರೆಂದು ನಿಮಗೆ ಎಷ್ಟು ಸಲ ಅನಿಸುತ್ತದೆ?’ ಎಂಬ ಅರ್ಥದ ಪ್ರಶ್ನೆಯು ಪರಿಚಯದ ನಾಲ್ಕನೆಯ ನಿಮಿಷಕ್ಕೇ ಬಂದುಬಿಟ್ಟಿತು. ಬಾಗಿಲಲ್ಲಿ ನಿಂತ ಬೀಗನಿಗೆ ಕಾಲಿಗೆ ನೀರು ಕೊಡುವ ಮೊದಲೇ ಸಾಲದ ಲೆಕ್ಕ ಕೇಳಿದ ಹಾಗೆ! ಇನ್ನು ದಿನಕ್ಕೆ ಮೂರು ಸಲ ಮೊಬೈಲು ಕಂಪಿಸಿ ಅವನನ್ನು ‘ಶಾಂತರಾಗಲು’ ಕರೆಯುವದು. ಒಂದು ದಿನ ಅಭ್ಯಾಸ ತಪ್ಪಿದರೆ ‘ನಿಮ್ಮ ಸತತ ದಿನಗಳ ಸರಪಳಿ ಕಡಿಯಿತು’ ಎಂದು ಕೆಂಪು ಅಕ್ಷರಗಳಲ್ಲಿ ದೂರುವದು. ಏಳನೆಯ ದಿನಕ್ಕೆ ಹಣ ಕೇಳಿತು. ಆ ಹುಡುಗನು ಅಳುನಗೆಯಿಂದ ಕೇಳಿದ ಮಾತು ನಮ್ಮ ಕಿವಿಯಲ್ಲಿದೆ: ‘ಕಾಕಾ, ಇದು ನನ್ನ ಸಮಾಧಾನ ಮಾಡಾಕ ಬಂದದ್ದೋ, ಹಾಜರಿ ತಗೊಳ್ಳಾಕ ಬಂದದ್ದೋ?’

ಈ ಒಂದು ಪ್ರಶ್ನೆಯಲ್ಲಿ ವಿಷಯದ ತಿರುಳೆಲ್ಲ ಅಡಗಿದೆಯೆಂದು ನಮ್ಮ ಮತ. ಇಂದಿನ ಆ್ಯಪುಗಳೆಲ್ಲ ವ್ಯಾಪಾರದ ಒಂದು ನೀತಿಯನ್ನು ಅನುಸರಿಸಿ ಕಟ್ಟಲ್ಪಟ್ಟಿವೆ: ನೋಡುವವನ ಕಣ್ಣನ್ನು ಹಿಡಿದಿಟ್ಟುಕೊಳ್ಳಬೇಕು, ಮರೆತರೆ ಎಬ್ಬಿಸಬೇಕು, ಬಿಟ್ಟು ಹೋದರೆ ಅಪರಾಧಿಯೆಂಬ ಭಾವನೆಯನ್ನು ಹುಟ್ಟಿಸಬೇಕು. ಆಟದ ಆ್ಯಪಿಗೆ ಇದು ಒಪ್ಪೀತು. ಮನಸ್ಸಿಗೆ ಹಚ್ಚಿಕೊಳ್ಳುವವನಿಗೆ ಈ ಉಪಾಯಗಳು ಒಂದೊಂದೂ ಒಂದೊಂದು ಮುಳ್ಳು. ಅವನಿಗಾಗಿ ಕಟ್ಟುವ ಆ್ಯಪಿನ ಮೊದಲನೆಯ ಗುಣವು ಮೌನ. ಅವನು ಬಂದಾಗ ಬಾಗಿಲು ತೆರೆದಿರಬೇಕು, ಬಾರದಿದ್ದಾಗ ಕರೆಯಬಾರದು. ಚಲಿಸುವ ಚಿತ್ರಗಳಿರಬಾರದು, ಇದ್ದರೆ ನಿಲ್ಲಿಸುವ ಗುಂಡಿಯು ಮೊದಲ ಪುಟದಲ್ಲಿಯೇ ಇರಬೇಕು. ಐಫೋನಿನಲ್ಲಿ 2013ರಿಂದಲೇ ಚಲನೆಯನ್ನು ತಗ್ಗಿಸುವ ಏರ್ಪಾಡು ಬಂದಿದೆ. ಆ್ಯಂಡ್ರಾಯ್ಡ್ ಮೊಬೈಲುಗಳಲ್ಲಿಯೂ ಅಂಥದಿದೆ. ಯಜಮಾನನು ತನ್ನ ಮೊಬೈಲಿಗೆ ಕೊಟ್ಟ ಆ ಆಜ್ಞೆಯನ್ನು ಒಳಗಿನ ಆ್ಯಪು ತಾನಾಗಿ ಪಾಲಿಸಲು ಏನು ಅಡ್ಡಿ? ಬಣ್ಣಗಳು ಮಂದವಾಗಿರಲಿ. ರಾತ್ರಿಯ ಹೊತ್ತು ಪರದೆಯು ಕಣ್ಣಿಗೆ ಚುಚ್ಚದಿರಲಿ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಅದಕ್ಕೂ ‘ಈಗ ಬೇಡ’ ಎಂದು ಹೇಳುವ ಸ್ವಾತಂತ್ರ್ಯ. ಅಂಕಿ, ಪದಕ, ಮೇಲಾಟ ಯಾವದೂ ಬೇಡ. ಸಮಾಧಾನದಲ್ಲಿ ಯಾರಿಗೆ ಮೊದಲನೆಯ ನಂಬರು ಕೊಡುವಿರಿ?

ಭಾಷೆಯ ಮಾತಿಗೆ ಬಂದರೆ, ಇಂಗ್ಲಿಷಿನ ವಾಕ್ಯವನ್ನು ಯಂತ್ರದಿಂದ ತಿರುಗಿಸಿ ಕನ್ನಡವೆಂದು ಕೊಡುವದನ್ನು ನಾವು ಒಪ್ಪಲಾರೆವು. ‘ನಿಮ್ಮ ಭಾವನೆಗಳು ಮಾನ್ಯವಾಗಿವೆ’ ಎಂದರೆ ನಮ್ಮ ಹುನಗುಂದದ ಹೆಣ್ಣುಮಗಳಿಗೆ ಏನು ತಿಳಿಯಬೇಕು? ಮಾಮಲೇದಾರರು ಅರ್ಜಿಯನ್ನು ಮಂಜೂರು ಮಾಡಿದರೆಂದು ತಿಳಿದಾಳು. ‘ಹೌದವ್ವ, ಹಂಗ ಅನಸೂದು ಸಹಜ’ ಎಂಬ ಒಂದು ಮಾತನ್ನು ಈ ಸೀಮೆಯ ಹೆಂಗಸಿನ ಧ್ವನಿಯಲ್ಲಿ ಕೇಳಿಸಿದರೆ ಅವಳ ಎದೆ ಹಗುರಾದೀತು. ‘ಎದಿ ಡವಡವ’, ‘ಜೀವ ಹೊಯ್ದಾಟ’, ‘ಹೊಟ್ಟಿಯೊಳಗ ಕಲಸಿದ ಹಾಂಗ’, ‘ತಲಿ ಧಿಮ್ಮಂತದ’, ಮನಸ್ಸಿನ ಬೇನೆಯನ್ನು ನಮ್ಮ ಜನ ದೇಹದ ಮೇಲೆ ಹಾಕಿ ಹೇಳುವ ಈ ಮಾತುಗಳ ಭಂಡಾರವೊಂದು ಆ್ಯಪು ಕಟ್ಟುವವರ ಕೈಯಲ್ಲಿರಬೇಕು. ಬರಹಕ್ಕಿಂತ ಧ್ವನಿಯು ಮೇಲು. ಓದಲು ಬಾರದವರೂ ನೊಂದುಕೊಳ್ಳುತ್ತಾರಷ್ಟೆ. ಬೆಂಗಳೂರಿನಲ್ಲಿಯೇ ಹುಟ್ಟಿ ವಿದೇಶಗಳಲ್ಲಿ ಹೆಸರಾದ ‘ವೈಸಾ’ ಎಂಬ ಆ್ಯಪಿನಲ್ಲಿ ಮಾತಾಡಿಸುವದಕ್ಕೆ ಪೆಂಗ್ವಿನ್ ಪಕ್ಷಿಯ ಚಿತ್ರವನ್ನು ಇಟ್ಟಿದ್ದಾರೆ. ಹಿಮದ ಹಕ್ಕಿ ನಮ್ಮ ಬಿಸಿಲಿಗೆ ಬಂದದ್ದು ವಿನೋದವೇ. ಬಾದಾಮಿಯ ಮೇಣಬಸದಿಗಳ ಮಂಗವನ್ನು ಇಡಬಹುದಾಗಿತ್ತೇನೋ; ಆದರೆ ಅದು ಸಮಾಧಾನ ಹೇಳುವ ಮೊದಲು ಕೈಯ ಚೀಲವನ್ನು ಕಸಿದೀತು.

ಗುಟ್ಟಿನ ಪ್ರಶ್ನೆಯು ಇದೆಲ್ಲಕ್ಕಿಂತ ಗಂಭೀರವಾದದ್ದು. ಅಮೇರಿಕೆಯ ‘ಬೆಟರ್‌ಹೆಲ್ಪ್’ ಎಂಬ ದೊಡ್ಡ ಸಂಸ್ಥೆಯು ತನ್ನಲ್ಲಿಗೆ ಮನೋವ್ಯಥೆ ಹೇಳಿಕೊಳ್ಳಲು ಬಂದವರ ವಿವರಗಳನ್ನು ಫೇಸ್‌ಬುಕ್ ಮೊದಲಾದ ಜಾಹೀರಾತಿನವರಿಗೆ ಒದಗಿಸಿತೆಂದು ಅಲ್ಲಿಯ ವಾಣಿಜ್ಯ ಆಯೋಗವು 2023ರಲ್ಲಿ ಆರೋಪ ಹೊರಿಸಿ, 78 ಲಕ್ಷ ಡಾಲರುಗಳನ್ನು ಕಕ್ಕಿಸಿತು. ಅದಕ್ಕೂ ಒಂದು ವರುಷ ಮೊದಲು ‘ಮೊಝಿಲ್ಲಾ’ ಪ್ರತಿಷ್ಠಾನದವರು 32 ಆ್ಯಪುಗಳನ್ನು ಪರೀಕ್ಷಿಸಿ 28ಕ್ಕೆ ಎಚ್ಚರಿಕೆಯ ಮುದ್ರೆ ಒತ್ತಿದ್ದರು. ಗುಟ್ಟನ್ನು ಕಾಪಾಡುವ ವಿಷಯದಲ್ಲಿ ಅವರ ಮೆಚ್ಚಿಕೆಗೆ ಪಾತ್ರವಾದ ಎರಡರಲ್ಲಿ ಮೇಲೆ ಹೇಳಿದ ‘ವೈಸಾ’ ಒಂದು. ಚೇಷ್ಟೆ ಮಾಡಿದ ಬಾಯಿಂದಲೇ ಇದನ್ನೂ ಹೇಳುವದು ನ್ಯಾಯ. ದೂರದ ಕಂಪನಿಯು ಗುಟ್ಟನ್ನು ಮಾರಿಕೊಂಡರೆ ನಮ್ಮವನಿಗೆ ತಿಳಿಯಲಿಕ್ಕೂ ಇಲ್ಲ. ಆದರೆ ನಮ್ಮ ಊರುಗಳಲ್ಲಿ ಒಂದು ಮೊಬೈಲು ನಾಲ್ವರ ಕೈಯಲ್ಲಿ ತಿರುಗುತ್ತದೆ. ಅತ್ತೆ ಭಜನೆ ಕೇಳುವದೂ ಅದರಲ್ಲಿಯೇ, ಮಗು ಆಟ ಆಡುವದೂ ಅದರಲ್ಲಿಯೇ, ಗಂಡ ಸುದ್ದಿ ನೋಡುವದೂ ಅದರಲ್ಲಿಯೇ. ಅದರ ಮುಖದ ಮೇಲೆ ‘ಮಾನಸಿಕ ಚಿಕಿತ್ಸೆ’ ಎಂಬ ಹೆಸರಿನ ಚೌಕವೊಂದು ಕಂಡರೆ, ‘ಸೊಸೆಗೆ ಹುಚ್ಚಂತೆ’ ಎಂಬ ಸುದ್ದಿ ಸಂಜೆಯೊಳಗೆ ನೀರಿನ ನಳದ ಹತ್ತಿರ ತಲಪುವದು. ಮದುವೆಯಾಗದ ಹೆಣ್ಣುಮಗಳಾದರೆ ಪರಿಣಾಮವನ್ನು ನಾವು ಹೇಳಬೇಕಾಗಿಲ್ಲ. ಆದುದರಿಂದ ಹೆಸರು, ಊರು, ಫೋನಿನ ಸಂಖ್ಯೆ ಯಾವದನ್ನೂ ಕೇಳದೆ ಒಳಗೆ ಬಿಡುವ, ಬೇರೆ ಬೀಗದಿಂದ ಮುಚ್ಚಲಾಗುವ, ಒಂದೇ ಒತ್ತಿಗೆ ಬರೆದದ್ದೆಲ್ಲ ಅಳಿಸಿಹೋಗುವ ವ್ಯವಸ್ಥೆಯು ನಮ್ಮ ಕಡೆ ಬೇಕೇ ಬೇಕು.

ಕಾಯದೆಗಳ ಬಲ ಇಲ್ಲವೆಂದಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣೆಯ ಕಾಯದೆಯು ತನ್ನ 23ನೆಯ ಕಲಮಿನಲ್ಲಿ ರೋಗಿಯ ಗುಟ್ಟನ್ನು ಕಾಯುವ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿದೆ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯದೆಯಂತೂ ಇನ್ನೂ ಮುಂದೆ ಹೋಗಿ, ಒಪ್ಪಿಗೆ ಕೇಳುವ ನೋಟೀಸನ್ನು ಇಂಗ್ಲಿಷಿನಲ್ಲಿ ಇಲ್ಲವೆ ಸಂವಿಧಾನದ ಎಂಟನೆಯ ಅನುಸೂಚಿಯ ಯಾವದೇ ಭಾಷೆಯಲ್ಲಿ ಓದಿಕೊಳ್ಳುವ ಆಯ್ಕೆಯನ್ನು ಪ್ರಜೆಗೆ ಕೊಡಬೇಕೆಂದು ವಿಧಿಸಿದೆ. ಕನ್ನಡವು ಆ ಅನುಸೂಚಿಯಲ್ಲಿದೆ. ಅದರ ನಿಯಮಗಳು ಹೊರಟದ್ದು 2025ರ ನವೆಂಬರದಲ್ಲಿ; ಮುಖ್ಯ ಕಲಮುಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ವಾಯಿದೆ ಕೊಟ್ಟಿದ್ದಾರೆ. ವ್ಯಾಪಾರಿಗಳಿಗೆ ಸಿದ್ಧತೆಯ ಕಾಲ ಬೇಕು ನಿಜ. ಹಾಗೆಂದು ‘ನಾನು ಒಪ್ಪಿದ್ದೇನೆ’ ಎಂಬ ಚೌಕದೊಳಗೆ ಇಂಗ್ಲಿಷಿನ ನಲವತ್ತು ಪುಟಗಳನ್ನು ಬಚ್ಚಿಟ್ಟು, ನೊಂದು ಬಂದವನಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವದಕ್ಕೆ ಈ ವಾಯಿದೆಯು ಪರವಾನಿಗೆ ಅಲ್ಲ.

ಆ್ಯಪಿನ ಬಲವೆಷ್ಟು ಎಂಬುದನ್ನೂ ನೋಡಬೇಕು. ಉತ್ಸಾಹಿಗಳು ಹೇಳುವಷ್ಟಿಲ್ಲ. ಮನಸ್ಸಿನ ಆರೋಗ್ಯದ ಆ್ಯಪುಗಳನ್ನು ಜನ ಎಷ್ಟು ದಿನ ಬಳಸುತ್ತಾರೆಂದು 2019ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯು ಲೆಕ್ಕ ಹಾಕಿತು. ಇಳಿಸಿಕೊಂಡ ಮೂವತ್ತನೆಯ ದಿನಕ್ಕೆ ಸಾಮಾನ್ಯ ಆ್ಯಪನ್ನು ತೆರೆಯುವವರು ನೂರಕ್ಕೆ ಮೂರು ಜನರಿಗಿಂತ ತುಸು ಹೆಚ್ಚು, ಅಷ್ಟೇ. ಇನ್ನು ಉಳಿದು ಹೊಂದಿಕೊಂಡವರ ಗತಿ ಬೇರೆ. ‘ವೋಬಾಟ್’ ಎಂಬ ಮಾತಾಡುವ ಆ್ಯಪು ಅಮೇರಿಕೆಯಲ್ಲಿ ಬಹು ಜನರಿಗೆ ಒಡನಾಡಿಯಾಗಿತ್ತು. 2025ರ ಜೂನ್ 30ರಂದು ಕಂಪನಿಯವರು ಅದನ್ನು ಮುಚ್ಚಿದರು. ಗಟ್ಟಿ ಸ್ವಭಾವದವನು ಇನ್ನೊಂದನ್ನು ಇಳಿಸಿಕೊಂಡಾನು. ಹಚ್ಚಿಕೊಳ್ಳುವವನು ಯಂತ್ರವನ್ನೂ ಹಚ್ಚಿಕೊಳ್ಳುತ್ತಾನೆ; ಅವನಿಗೆ ಅದು ಇನ್ನೊಂದು ಮುಳುಗಡೆಯೇ.

ಆದುದರಿಂದ ಆ್ಯಪು ಕೊನೆಯ ನಿಲ್ದಾಣವಾಗಬಾರದು, ಕೊಂಡಿಯಾಗಬೇಕು. ಈ ಮಾತನ್ನು ಇಳಕಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರ ಸೀರೆಯಲ್ಲಿ ಒಡಲು ಅರಳೆಯ ನೂಲಿನದಾದರೂ ಸೆರಗು ರೇಶಿಮೆಯದು. ಎರಡು ಹಾಸುಗಳನ್ನು ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುವ ಕೈಚಳಕಕ್ಕಾಗಿಯೇ ಆ ಸೀರೆ ಹೆಸರಾಗಿದೆ. ಕೊಂಡಿ ಸಡಿಲಾದರೆ ರೇಶಿಮೆಯೂ ಉಳಿಯದು, ನೂಲೂ ಉಳಿಯದು. ಮನಸ್ಸಿನ ಚಿಕಿತ್ಸೆಯಲ್ಲಿ ಮನುಷ್ಯನ ಕೈಯೇ ಮುಖ್ಯವೆಂಬುದನ್ನು ನಮ್ಮ ನಾಡು ಹಿಂದೆಯೇ ತೋರಿಸಿಕೊಟ್ಟಿದೆ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸದ ವೈದ್ಯರು ಬಳ್ಳಾರಿ ಜಿಲ್ಹೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ, ಉಪಚರಿಸುವ ಕ್ರಮವನ್ನು ಕಲಿಸಿ, ಹಳ್ಳಿಯಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ಸಿದ್ಧಮಾಡಿದರು. 1996ರಲ್ಲಿ ಆರಂಭವಾದ ಜಿಲ್ಹಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯ ಪ್ರಯೋಗವೇ ತಳಹದಿ. ಮುಂದೆ ನಮ್ಮ ರಾಜ್ಯ ಸರಕಾರವು ‘ಮನೋಚೈತನ್ಯ’ ಎಂಬ ಹೆಸರಿನಿಂದ, ಮಂಗಳವಾರದಂದು ತಾಲೂಕು ದವಾಖಾನೆಗಳಿಗೆ ಮನೋವೈದ್ಯರು ಬರತಕ್ಕ ಕ್ರಮವನ್ನೂ ಗೊತ್ತುಮಾಡಿತು. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯನೂ ಪೂರ್ತಿ ಬೀಳುವದಿಲ್ಲವಾದ್ದರಿಂದ, ಬರುವ ಆ ಒಬ್ಬರ ಒಂದು ದಿನವೂ ಬಹುಮೂಲ್ಯದ್ದು.

ನಿಮ್ಹಾನ್ಸದವರು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಪ್ರಾಯದವರಲ್ಲಿ ನೂರಕ್ಕೆ ಹತ್ತಕ್ಕೂ ತುಸು ಹೆಚ್ಚು ಜನ ಒಂದಿಲ್ಲೊಂದು ಮಾನಸಿಕ ಬೇನೆಯಿಂದ ಬಳಲುತ್ತಿದ್ದರು. ಬೇನೆಯುಳ್ಳವರಲ್ಲಿ ಚಿಕಿತ್ಸೆ ದೊರೆಯದವರು, ರೋಗರೋಗಕ್ಕೆ ಬೇರೆಯಾಗಿ, ಶೇಕಡಾ 70ರಿಂದ 92. ಆ ಸಮೀಕ್ಷೆಯ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕವು ಇರಲಿಲ್ಲವೆಂಬುದು ಒಂದು ವಿಚಿತ್ರ. ದೀಪದ ಬುಡದ ಕತ್ತಲೆ ಎನ್ನೋಣವೇ? ಸೂಕ್ಷ್ಮ ಸ್ವಭಾವವು ರೋಗವಲ್ಲವಾದರೂ, ಕೆಟ್ಟ ಕಾಲ ಬಂದಾಗ ಈ ಸ್ವಭಾವದವರು ಆ ಲೆಕ್ಕದೊಳಗೆ ಜಾರುವ ಸಂಭವವು ಹೆಚ್ಚು. ಜಾರುವ ಮೊದಲೇ ಕೈ ಹಿಡಿಯುವ ಕೆಲಸಕ್ಕೆ ಟೆಲಿ-ಮಾನಸಿನಂಥ ಸೇವೆಯು ತಕ್ಕದ್ದು. 2025ರ ಆರಂಭದ ಹೊತ್ತಿಗೆ ಹದಿನೆಂಟು ಲಕ್ಷಕ್ಕೂ ಮಿಕ್ಕಿ ಕರೆಗಳು ಅಲ್ಲಿಗೆ ಹೋಗಿದ್ದವು. ವೈದ್ಯರನ್ನು ಮುಖ ನೋಡಿ ಮಾತಾಡಿಸುವ ವೀಡಿಯೋ ಕರೆಯ ಸೌಲಭ್ಯವೂ ಮೊದಲು ಆರಂಭವಾದ ಮೂರು ಕಡೆಗಳಲ್ಲಿ ಕರ್ನಾಟಕವೊಂದು. ಇಳಕಲ್ಲಿನಿಂದ ಧಾರವಾಡದ ಡಿಮ್ಹಾನ್ಸ್ ದವಾಖಾನೆಗೆ ಹೋಗಿ ಬರಲು ಒಂದು ದಿನದ ಕೂಲಿ, ಬಸ್ಸಿನ ಖರ್ಚು, ‘ಯಾಕೆ ಹೋಗಿದ್ದಿರಿ?’ ಎಂಬ ಓಣಿಯವರ ಪ್ರಶ್ನೆಗೆ ಒಂದು ಸುಳ್ಳು, ಇಷ್ಟು ಬೇಕು. ಆ ಮೂರನ್ನೂ ಈ ಸೇವೆಯು ಉಳಿಸಬಲ್ಲದು. ಒಂದು ಸೂಚನೆ ಮಾತ್ರ ಉಂಟು. ನಾಜೂಕು ಮನಸ್ಸಿನವನಿಗೆ ಫೋನು ಮಾಡುವದೇ ಒಂದು ಸಂಕಟ. ಹತ್ತು ಸಲ ಅಂಕಿ ಒತ್ತಿ ಹತ್ತು ಸಲ ಇಡುವನು. ಆ್ಯಪಿನೊಳಗಿಂದ ಮೊದಲು ಎರಡು ಸಾಲು ಕನ್ನಡದಲ್ಲಿ ಬರೆದು ಕಳಿಸಿ, ತನಗೆ ಅನುಕೂಲವಾದ ಹೊತ್ತನ್ನು ತಿಳಿಸಿ, ಅವರಿಂದ ಕರೆ ತರಿಸಿಕೊಳ್ಳುವ ದಾರಿಯಿದ್ದರೆ, ಹಾಗೂ ಅವನು ಒಪ್ಪಿದರೆ ಮುಂದಿನ ಕರೆಯನ್ನೂ ಅದೇ ಧ್ವನಿಯೇ ಎತ್ತಿಕೊಂಡರೆ, ಅವನು ತನ್ನ ಕಥೆಯನ್ನು ಮೊದಲಿನಿಂದ ತಿರುಗಿ ಹೇಳುವ ದುಃಖ ತಪ್ಪೀತು.

‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಹೊಲದ ಕೆಲಸ ಕಡಿಮೆಯಾದ್ದರಿಂದ ಹುಟ್ಟಿದ ಬೇನೆಯಿದು’ ಎಂದು ನಮ್ಮ ಹಿರಿಯ ವಾಚಕರೊಬ್ಬರು ಆಗಲೇ ತಲೆ ಅಲ್ಲಾಡಿಸುತ್ತಿರಬಹುದು. ಇರಲಿಲ್ಲವೆಂಬುದು ನಿಜವಲ್ಲ, ಎಣಿಸಿರಲಿಲ್ಲ. ಅಂದು ಹಚ್ಚಿಕೊಳ್ಳುವವನಿಗೆ ಭಜನೆಯ ಮೇಳವಿತ್ತು, ಕುಣಿಮಗ್ಗದ ಏಕಾಂತವಿತ್ತು, ಹೊಳೆಯ ದಂಡೆಯಿತ್ತು, ಅವನನ್ನು ಅರಿತ ಒಬ್ಬ ಸೋದರಮಾವನಿದ್ದನು. ಅವೆಲ್ಲ ಕಡಿಮೆಯಾದ ಸ್ಥಳದಲ್ಲಿ ಮೊಬೈಲು ಬಂದು ಕುಳಿತಿದೆ. ಆ ಹಿರಿಯರ ಮಾತಿನಲ್ಲಿ ಒಂದು ತೂಕದ ಅಂಶವಿರುವದನ್ನೂ ನಾವು ಒಪ್ಪುತ್ತೇವೆ: ಹತ್ತು ಪ್ರಶ್ನೆಗಳಿಗೆ ಉತ್ತರ ಕೊಟ್ಟ ಕೂಡಲೆ ‘ನೀನು ಅತಿಸೂಕ್ಷ್ಮ’ ಎಂದು ಹಣೆಪಟ್ಟಿ ಕಟ್ಟುವ ಆ್ಯಪು ಎಳೆಯರನ್ನು ಅವರ ಸ್ವಭಾವದೊಳಗೇ ಬಂಧಿಸಿಟ್ಟೀತು. ಹೆಸರು ಕೊಡುವ ಕೆಲಸ ಯಂತ್ರಕ್ಕೆ ಬೇಡ. ಉಸಿರನ್ನು ನಿಧಾನಿಸಲು ಕಲಿಸಲಿ, ನಿದ್ದೆಯ ಕ್ರಮ ತಿಳಿಸಲಿ, ಮನಸ್ಸಿನಲ್ಲಿದ್ದದ್ದನ್ನು ಬರೆದಿಡಲು ಒಂದು ಹಾಳೆ ಕೊಡಲಿ, ಬೇಕಾದಾಗ ಮನುಷ್ಯನನ್ನು ತೋರಿಸಲಿ.

ಜಿಲ್ಹಾಧಿಕಾರಿಗಳಿಗೂ ಜಿಲ್ಹಾ ಆರೋಗ್ಯ ಅಧಿಕಾರಿಗಳಿಗೂ ನಮ್ಮ ವಿನಂತಿ ಇಷ್ಟು. ಟೆಲಿ-ಮಾನಸ್ ಆ್ಯಪಿನ ಕನ್ನಡವನ್ನು ಬೆಂಗಳೂರಿನಲ್ಲಿ ಕುಳಿತು ತಿದ್ದಿದರೆ ಸಾಲದು. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗದವರ ನೆರವನ್ನು ಬೇಡಿ, ಇಳಕಲ್ಲಿನ ನೇಕಾರರು, ನವನಗರದ ಮುಳುಗಡೆಯ ಸಂತ್ರಸ್ತರು, ಬಾದಾಮಿಯ ಕಾಲೇಜು ಹುಡುಗಿಯರು, ಹುನಗುಂದದ ಆಶಾ ಕಾರ್ಯಕರ್ತೆಯರು, ಇಂಥ ಹತ್ತಾರು ಜನರ ಕೈಗೆ ಅದನ್ನು ಕೊಟ್ಟು, ಎಲ್ಲಿ ತಡವರಿಸುತ್ತಾರೆ, ಎಲ್ಲಿ ಮುಚ್ಚಿಬಿಡುತ್ತಾರೆ, ಯಾವ ಮಾತಿಗೆ ಮುಖ ಸಣ್ಣದಾಗುತ್ತದೆ ಎಂ‌ಬುದನ್ನು ಬರೆದು ನಿಮ್ಹಾನ್ಸಕ್ಕೆ ಕಳಿಸಿಕೊಡಲಿ. ಇದಕ್ಕೆ ಲಕ್ಷಗಟ್ಟಲೆ ಹಣ ಬೇಡ. ನಾಲ್ಕು ಮಧ್ಯಾಹ್ನಗಳು ಸಾಕು. ಮಳೆಗಾಲದಲ್ಲಿ ನೀರು ಬಿಡುವ ಎಚ್ಚರಿಕೆಯ ಸಂದೇಶಗಳ ಕೆಳಗೆ 14416 ಎಂಬ ಅಂಕಿಯನ್ನೂ ಒಂದು ಸಾಲು ಸಮಾಧಾನವನ್ನೂ ಸೇರಿಸಲು ಖರ್ಚೇ ಇಲ್ಲ. ಪರಿಹಾರದ ಅರ್ಜಿಗಳನ್ನು ಕೊಡುವ ಕಿಡಕಿಯ ಪಕ್ಕದಲ್ಲಿಯೂ, ಮಂಗಳವಾರದ ಚಿಕಿತ್ಸೆಯ ವೇಳೆ ಬರೆದು ತಾಲೂಕು ದವಾಖಾನೆಯ ಬಾಗಿಲಲ್ಲಿಯೂ ಒಂದೊಂದು ಫಲಕ ಹಾಕಿಸಲಿ. ಕಚೇರಿಯ ಗುಂಪುಗಳಲ್ಲಿ ರಾತ್ರಿ ಎಂಟು ಗಂಟೆಯ ಮೇಲೆ, ನೆರೆ ಬೆಂಕಿಗಳ ಸುದ್ದಿ ಬಿಟ್ಟು, ಏನನ್ನೂ ಹಾಕಕೂಡದೆಂದು ಒಂದು ಹುಕುಮು ಹೊರಡಿಸಿದರೆ, ನಾವು ಕಂಡಂತೆ, ಯಾವ ಆ್ಯಪಿಗಿಂತಲೂ ಹೆಚ್ಚು ಜನ ಅಂದಿನ ರಾತ್ರಿಯೇ ನಿದ್ದೆ ಮಾಡಿಯಾರು.

ಇಳಕಲ್ಲಿನ ಆ ಹುಡುಗನು ಆ್ಯಪನ್ನು ತೆಗೆದುಹಾಕಿದ್ದಾನೆ. ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ವಾರಕ್ಕೆರಡು ಸಂಜೆ ನಮ್ಮ ಕಚೇರಿಗೆ ಬಂದು ಕರಡು ತಿದ್ದುವದಕ್ಕೆ ಕುಳಿತುಕೊಳ್ಳುತ್ತಿದ್ದಾನೆ. ಒಂದು ಅಕ್ಷರದ ತಪ್ಪೂ ಅವನ ಕಣ್ಣನ್ನು ತಪ್ಪಿಸಿಕೊಂಡು ಹೋಗುವದಿಲ್ಲ.